ತೋಟಕ್ಕೆ ಬಿದ್ದ ಮಳೆಗೂ ಲೆಕ್ಕ ಬೇಕು

ಲಿಂಗನಮಕ್ಕಿ ಜಲಾಶಯದ ನೀರು ಎಷ್ಟು ಅಡಿಗೆ ಬಂತು ಎಂಬುದು ಮಳೆಗಾಲದಲ್ಲಿ ಸಮೀಪದ ಕಾರ್ಗಲ್‌ನ ಮನೆಮನೆಯ ಮಾತು. 1,819 ಅಡಿಯ ಗರಿಷ್ಠ ಮಟ್ಟಕ್ಕೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಕ್ಯುಸೆಕ್, ಮಾಣಿ, ಹುಲಿಕಲ್, ಮಾಸ್ತಿಕಟ್ಟೆ, ಯಡೂರಿನಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಎಂಬುದೆಲ್ಲ ಮರುದಿನದ ಪತ್ರಿಕೆಯಲ್ಲಿರುತ್ತದೆ. ಈ ಮಳೆ ವಿದ್ಯುತ್ತಾಗುತ್ತದೆ. ಹಾಗಾಗಿ ಅದರ ಲೆಕ್ಕ ತಪ್ಪುವುದಿಲ್ಲ. ಅದೇ ಮಳೆ ಅಡಿಕೆ ತೋಟವನ್ನು ಹಾಳು ಮಾಡಿದಾಗ ಮಾತ್ರ ಲೆಕ್ಕ ಸಿಗುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರು ಹವಾಮಾನ ಆಧಾರಿತ ಬೆಳೆ ವಿಮೆಯ ಬಗ್ಗೆ ಎತ್ತುತ್ತಿರುವ ತಕರಾರಿನ ತಿರುಳು ಇದು. ಅವರ ತಕರಾರು ನ್ಯಾಯವಾದದ್ದು.

2016ರಲ್ಲಿ ಹೊಸ ರೂಪ ಪಡೆದ ಈ ಯೋಜನೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ಅದರ ಶೇ 5, ಅಂದರೆ 6,400 ರೂಪಾಯಿ ರೈತನ ಪಾಲಿನ ಕಂತು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಇಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಪಂಚಾಯಿತಿ ಮಟ್ಟದ ಮಳೆ ಮಾಪಕ ಏನು ದಾಖಲಿಸಿತೋ ಅದೇ ಅಂತಿಮ. ಮಾಪಕ ಕೆಟ್ಟಿದ್ದರೆ, ಅದರ ಮೇಲೆ ಮರದ ಕೊಂಬೆ ಚಾಚಿದ್ದರೆ, ಅಂಕಿ ರವಾನೆಯಾಗದೆ ನಿಂತಿದ್ದರೆ ರೈತನ ನಷ್ಟ ಕಾಗದದ ಮೇಲೆ ನಡೆದೇ ಇಲ್ಲ ಎಂದಾಗುತ್ತದೆ. ಕಂತನ್ನು ತಪ್ಪದೆ ಕಟ್ಟಿಸಿಕೊಳ್ಳುವ ವ್ಯವಸ್ಥೆ, ಮಾಪಕವನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನೂ ಅಷ್ಟೇ ಬಿಗಿಯಾಗಿ ಹೊರಬೇಕು.

ಕೆಟ್ಟ ಮಾಪಕದ ಬದಲು ಹತ್ತಿರದ ಇನ್ನೊಂದು ಕೇಂದ್ರದ ಅಂಕಿ ಬಳಸಲು ನಿಯಮದಲ್ಲಿ ಅವಕಾಶವಿದೆ. ಬಯಲುಸೀಮೆಯಲ್ಲಿ ಅದು ಸರಿಹೋಗಬಹುದು. ಘಟ್ಟದ ನೆತ್ತಿಯಲ್ಲಿ ಅದು ಅನ್ಯಾಯ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಅದೇ ತಾಲ್ಲೂಕಿನ ಕೇಂದ್ರವಾದ ತೀರ್ಥಹಳ್ಳಿಯಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ. ಸಾಗರ ತಾಲ್ಲೂಕಿನಲ್ಲೂ ಕೋಗಾರು, ಅರಲಗೋಡಿನ ಮಳೆಯೇ ಬೇರೆ, ಆನಂದಪುರದ ಮಳೆಯೇ ಬೇರೆ. ಒಂದು ಗುಡ್ಡ ದಾಟಿದರೆ ಮಳೆಯ ಸ್ವಭಾವ ಬದಲಾಗುವ ಸೀಮೆಯಿದು. ಪೂರ್ವದ ಮಾಪಕ ನೋಡಿ ಪಶ್ಚಿಮದ ತೋಟದ ಹಣೆಬರಹ ಬರೆಯಲಾಗದು.

ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಅಡಿಕೆಗೆ ಕೊಳೆರೋಗ ಬರುವುದು ಒಟ್ಟು ಮಳೆಯ ಪ್ರಮಾಣದಿಂದ ಮಾತ್ರವಲ್ಲ. ದಿನಗಟ್ಟಲೆ ಹೊಳವಾಗದೆ, ಅಡಿಕೆ ಕೊನೆ ಆರದೆ, ತೇವ ನಿಂತಾಗ ರೋಗ ಹಬ್ಬುತ್ತದೆ. ನಡುನಡುವೆ ಬಿಸಿಲು ಮಳೆ ಬೆರೆತರೆ ಇನ್ನೂ ಬಿರುಸಾಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಮೊದಲ ಔಷಧಿ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40–45 ದಿನಗಳ ನಂತರ ಎಂಬ ಲೆಕ್ಕ ಮುಂಗಾರು ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ ನಡೆಯುತ್ತದೆ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, ಆಗಸ್ಟ್ ತಿಂಗಳು ಒಣಗಿಯೇ ಹೋಯಿತು. 2025ರಲ್ಲಿ ಮೇ 24ಕ್ಕೇ ಬಂತು. ಹೀಗೆ ಮಳೆ ಮುಂದೋಡಿ ಬಂದರೆ ಔಷಧಿ ಹೊಡೆಯುವ ಕೊನೆಗಾರ ಮರ ಹತ್ತುವುದಾದರೂ ಹೇಗೆ? ಹೊಡೆದ ಮೈಲುತುತ್ತ, ಸುಣ್ಣದ ಆ ದ್ರಾವಣ ಕಾಯಿಗೆ ಅಂಟುವ ಮೊದಲೇ ತೊಳೆದುಹೋಗುತ್ತದೆ. ವಿಮಾ ವರ್ಷ ಜುಲೈ 1ರಿಂದ ಶುರುವಾಗುವುದರಿಂದ ಮೇ, ಜೂನ್‌ನ ಮಳೆ ಈ ಸಾಲಿನ ಫಸಲಿಗೆ ಮಾಡಿದ ಕೇಡು ಹೊಸ ಕಂತಿನ ಲೆಕ್ಕದೊಳಗೆ ಬರುವುದೇ ಇಲ್ಲ.

ಎಲೆಚುಕ್ಕೆ ರೋಗದ್ದು ಮತ್ತೂ ಕಷ್ಟದ ಕಥೆ. ಹೊಸನಗರ, ತೀರ್ಥಹಳ್ಳಿಯ ಘಟ್ಟದಂಚಿನ ತೋಟಗಳಲ್ಲಿ ಅದು ಗರಿ ಒಣಗಿಸಿ ಮರವನ್ನೇ ಬಡವಾಗಿಸುತ್ತದೆ. ಈ ವರ್ಷದ ರೋಗದ ಪೆಟ್ಟು ಮುಂದಿನ ವರ್ಷಗಳ ಫಸಲಿನಲ್ಲಿ ಕಾಣುತ್ತದೆ. ಒಂದು ವರ್ಷದ ಅವಧಿಗೆ ಮಳೆ ಅಳೆಯುವ ವಿಮೆ ಈ ನಷ್ಟವನ್ನು ಹೇಗೆ ಹಿಡಿದೀತು?

ವಿಮಾ ಸಂಸ್ಥೆಗಳ ಪರವಾಗಿ ಒಂದು ವಾದವಿದೆ: ಪ್ರತಿ ತೋಟಕ್ಕೂ ಮಾಪಕ ಇಡಲಾಗದು, ಒಂದಿಷ್ಟು ವ್ಯತ್ಯಾಸ ಅನಿವಾರ್ಯ. ಒಪ್ಪೋಣ. ಆದರೆ ಬೆಳೆಗಾರರು ತೋಟಕ್ಕೊಂದು ಮಾಪಕ ಕೇಳುತ್ತಿಲ್ಲ. ಇರುವ ಮಾಪಕ ಸರಿಯಾಗಿರಲಿ, ಅದರ ಅಂಕಿ ನಮಗೂ ಕಾಣಲಿ ಎನ್ನುತ್ತಿದ್ದಾರೆ. ಶರಾವತಿ ಕಣಿವೆಯಲ್ಲಿ ಅಣೆಕಟ್ಟೆಗಳ ಬಳಿ ದಿನವೂ ಅಳೆದ ಮಳೆಯ ದಾಖಲೆ ಇದೆ. ಪಂಚಾಯಿತಿಯ ಮಾಪಕ ಮೌನವಾದ ದಿನ ಆ ದಾಖಲೆಯೊಂದಿಗೆ ತಾಳೆ ನೋಡಲು ಯಾವ ಅಡ್ಡಿಯೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಈ ನೆಲ ನಾಡಿನ ಬೆಳಕಿಗಾಗಿ ತನ್ನ ಗದ್ದೆ ತೋಟಗಳನ್ನು ಮುಳುಗಿಸಿಕೊಂಡಿತು. ಅಲ್ಲಿನ ಮಳೆ ಲೆಕ್ಕದ ಪುಸ್ತಕವನ್ನಾದರೂ ಉಳಿದ ತೋಟಗಳ ನೆರವಿಗೆ ತೆರೆಯಬೇಕು.

ಆಗಬೇಕಾದ್ದು ಇಷ್ಟು. ಪ್ರತಿ ವರ್ಷ ಮೇ ತಿಂಗಳೊಳಗೆ ರೈತ ಪ್ರತಿನಿಧಿಗಳ ಎದುರಿನಲ್ಲೇ ಎಲ್ಲ ಮಾಪಕಗಳ ತಪಾಸಣೆ ನಡೆಯಲಿ. ದಿನದ ಅಂಕಿ ಪಂಚಾಯಿತಿ ಫಲಕದ ಮೇಲೆ ಕನ್ನಡದಲ್ಲಿ ಬರಲಿ. ಪರಿಹಾರ ಹೇಗೆ ಲೆಕ್ಕ ಹಾಕಿದರು ಎಂಬ ಹಾಳೆ ಪ್ರತಿ ರೈತನ ಕೈಸೇರಲಿ. ತೇವ ನಿಂತ ದಿನಗಳನ್ನು ಪರಿಗಣಿಸುವ, ವಿಸ್ತಾರವಾದ ಪಂಚಾಯಿತಿಗಳಲ್ಲಿ ಹೆಚ್ಚುವರಿ ಮಾಪಕ ಇಡುವ ನಿಯಮ ಬರಲಿ. ಮಾಪಕ ಕೆಟ್ಟ ಅವಧಿಯ ಅನುಮಾನದ ಲಾಭ ರೈತನಿಗೆ ಸಿಗಲಿ.

ಬೆಳೆಗಾರರೂ ಪರಿಹಾರ ಬಂದಮೇಲೆ ಗೊಣಗಿ ಸುಮ್ಮನಾಗಬಾರದು. ಕಂತು ಕಟ್ಟುವ ಮೊದಲೇ ಪಂಚಾಯಿತಿಗೆ ಹೋಗಿ ಮಾಪಕ ನೋಡಬೇಕು, ಕೆಟ್ಟಿದ್ದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು, ಗ್ರಾಮಸಭೆಯಲ್ಲಿ ಅದನ್ನು ನಡಾವಳಿಗೆ ಬರೆಸಬೇಕು. ಮಳೆಯನ್ನು ನಂಬಿ ನಡೆಯುವ ವಿಮೆಯಲ್ಲಿ ಮಳೆಯನ್ನೇ ಸರಿಯಾಗಿ ಅಳೆಯದಿದ್ದರೆ, ರೈತ ಕಟ್ಟಿದ ಕಂತು ಸುಲಿಗೆಯಾಗುತ್ತದೆ. ಸರ್ಕಾರ ಇದನ್ನು ಮುಂದಿನ ಮುಂಗಾರಿನೊಳಗೆ ಸರಿಪಡಿಸಲೇಬೇಕು.