ಹೂಳು, ಹುಳು ಮತ್ತೊಂದು ಚಾನ್ಸ್

ಬೆಳಗಿನ ರೈಲು ಮಾರಿಕುಪ್ಪಂ ಬಿಟ್ಟು ಬಂಗಾರಪೇಟೆ ಮುಟ್ಟೋದರೊಳಗೆ ನಮ್ಮ ಬೋಗಿಯಲ್ಲಿ ಎಲ್ಲದಕ್ಕೂ ತೀರ್ಪು ಸಿಕ್ಕಿರುತ್ತೆ. ಮೊನ್ನೆಯ ವಿಚಾರ ಎಸ್ಸೆಸ್ಸೆಲ್ಸಿ. “ನಮ್ಮ ಕಾಲದಲ್ಲಿ ಫೇಲ್ ಅಂದ್ರೆ ಫೇಲ್. ಚಾನ್ಸ್ ಮೇಲೆ ಚಾನ್ಸ್ ಕೊಟ್ರೆ ಯಾರು ಓದ್ತಾರೆ?” ಅಂದರು ಒಬ್ಬರು. ಒಂದು ತಿಂಗಳ ಹಿಂದೆ ಆಗಿದ್ರೆ ನಾನೂ ಹೌದೌದು ಅಂತಿದ್ದೆ.

ಈಗ ಅನ್ನೋದಿಲ್ಲ. ಕಾರಣ ನಮ್ಮ ಪಕ್ಕದ ಮನೆ ಹುಡುಗಿ. ಅವಳ ತಾತ ಕೆಜಿಎಫ್ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿತು, ಅಪ್ಪ ಬೆಂಗಳೂರಿನ ರೈಲು ಹತ್ತಿದರು. ಮನೆಮಾತು ತಮಿಳು. ಪರೀಕ್ಷೆಯಲ್ಲಿ ಪಾಸಾದಳು, ಕನ್ನಡದಲ್ಲಿ ಮಾತ್ರ ಅಂಚಿಗೆ ಬಂದು ನಿಂತಳು. “ಪಾಸಾದ ಮೇಲೂ ಬರೆದ್ರೆ ಜನ ಏನಂತಾರೆ?” ಅಂತ ಅವಳ ಅಮ್ಮನಿಗೆ ಸಂಕೋಚ.

ಸಂಜೆ ಅವಳಿಗೊಂದು ಗದ್ಯಭಾಗ ಕೊಟ್ಟೆ. ಕೆರೆಯ ಹೂಳು ತೆಗೆದ ಊರಿನ ಕಥೆ. ಪಟಪಟ ಓದಿದಳು. “ಊರಿನವರು ಏನು ಮಾಡಿದರು?” ಅನ್ನೋ ಪ್ರಶ್ನೆಗೆ ಉತ್ತರ: ‘ಕೆರೆಯಲ್ಲಿದ್ದ ಹುಳುಗಳನ್ನು ತೆಗೆದರು.’ ಒಂದು ದೀರ್ಘ ತಪ್ಪಿತು, ಇಡೀ ಕಥೆಯೇ ದಿಕ್ಕು ತಪ್ಪಿತು. ದಡ್ಡತನ ಅಲ್ಲ ಅದು. ಆ ಪದ ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಮಾರನೇ ದಿನ ಅದೇ ಹಾಳೆ ಕೊಟ್ಟೆ. ಎಲ್ಲ ಸರಿ! ನನಗೆ ಖುಷಿಯೋ ಖುಷಿ. ಆಮೇಲೆ ಹೊಳೀತು, ಅವಳು ಓದೇ ಇಲ್ಲ, ನಾನು ಹೇಳಿಕೊಟ್ಟಿದ್ದನ್ನು ನೆನಪಿನಿಂದ ಬರೆದಿದ್ದಾಳೆ. ಒಂದು ವಾರ ಬಿಟ್ಟು ಬೇರೆ ಗದ್ಯ ಕೊಟ್ಟೆ, ಬಾವಿಯ ಬಗ್ಗೆ. ‘ಹೂಳೆತ್ತಿದರು’ ಬಂದ ಕಡೆ ತಾನೇ ನಿಂತಳು. “ಅಣ್ಣ, ಇದು ಮಣ್ಣು ತಾನೆ? ಹುಳ ಅಲ್ಲ ಅಲ್ವಾ?”

ಆ ಒಂದು ನಿಲುಗಡೆ ಇದೆಯಲ್ಲ, ಮರುಪರೀಕ್ಷೆಯ ಲಾಭ ಅಂದ್ರೆ ಅದೇ. ಅದೇ ಪ್ರಶ್ನೆ ಮತ್ತೆ ಕೊಟ್ಟರೆ ಅಳೆಯೋದು ನೆನಪನ್ನು. ಹೊಸ ಗದ್ಯ ಕೊಟ್ಟರೆ ಅಳೆಯೋದು ಓದನ್ನು. ನಡುವೆ ತಪ್ಪು ಎಲ್ಲಾಯ್ತು ಅಂತ ಯಾರಾದರೂ ತೋರಿಸಬೇಕು. ಇಲ್ಲದಿದ್ದರೆ ಮೂರು ಸಲ ಬರೆದರೂ ಹೂಳು ಹುಳುವೇ.

2024ರಲ್ಲಿ ನಮ್ಮಲ್ಲಿ ಒಂದೇ ವರ್ಷ ಮೂರು ಪರೀಕ್ಷೆಯ ಪದ್ಧತಿ ಬಂದಾಗ ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತೆ ಅಂದರು. ಪ್ರಶ್ನೆಪತ್ರಿಕೆಯಂತೂ ಪ್ರತಿ ಸಲ ಹೊಸದು. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕೋ ದಾರಿಯೂ ಇದೆ. ಆದ್ದರಿಂದ ಮೊದಲು ಆ ಪ್ರತಿ ತರಿಸಿ, ತಪ್ಪು ನೋಡಿ, ಆಮೇಲೆ ಶುಲ್ಕ ಕಟ್ಟಿ.

ನಾವೂ ಆಫೀಸಿನ ಮೇಲ್ ಅರ್ಧ ಓದಿ ಉತ್ತರ ಕಳಿಸಿ, ‘ಸಾರಿ, ತಪ್ಪು ತಿಳ್ಕೊಂಡೆ’ ಅಂತ ಇನ್ನೊಂದು ಕಳಿಸೋರೇ ಅಲ್ವಾ? ನಮಗಿರೋ ಎರಡನೇ ಚಾನ್ಸ್ ಹದಿನಾರರ ಹುಡುಗಿಗೆ ಯಾಕೆ ಬೇಡ?

ಅವಳ ಅಮ್ಮ ನಿನ್ನೆ ಫೋಟೋ, ಆಧಾರ್ ಹಿಡಿದು ಬಂದಿದ್ದರು. “ಜನ ಏನಾದ್ರೂ ಅನ್ಲಿ, ಅರ್ಜಿ ತುಂಬಿಕೊಡಿ” ಅಂದರು.