ರಸ್ತೆ ಒಣಗಿತು, ಮಣ್ಣು?

ರಾಸಾಯನಿಕ ತುಂಬಿದ ಟ್ಯಾಂಕರ್ ಮಗುಚಿದರೆ ನಾವು ನೋಡುವುದು ರಸ್ತೆಯನ್ನು. ವಾಹನ ಸಂಚಾರ ಶುರುವಾದರೆ ಎಲ್ಲ ಮುಗಿಯಿತೆಂದು ತಿಳಿಯುತ್ತೇವೆ. ಕುಣಿಗಲ್ ಮೇಲೆ ಮಂಗಳೂರು ಹೆದ್ದಾರಿ, ಗುಬ್ಬಿಯ ಮೇಲೆ ಶಿವಮೊಗ್ಗ ರಸ್ತೆ, ತುಮಕೂರಿನ ಆಸುಪಾಸಿನಲ್ಲಿ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳು. ಇವುಗಳ ನಡುವೆ ಬದುಕುವ ನಾವು, ಚೆಲ್ಲಿದ್ದು ಎಲ್ಲಿಗೆ ಹೋಯಿತೆಂದು ಕೇಳಬೇಡವೆ?

ಅದು ಕೆಳಕ್ಕೆ ಹೋಗುತ್ತದೆ. ಆದರೆ ಎಲ್ಲವೂ ಒಂದೇ ರೀತಿಯಲ್ಲಲ್ಲ. ಸೀಸವನ್ನು ಮಣ್ಣಿನ ಮೇಲ್ಪದರವೇ ಬಹುಮಟ್ಟಿಗೆ ಹಿಡಿದಿಡುತ್ತದೆ. ಮಣ್ಣಿನಲ್ಲಾಡಿ ಕೈ ಬಾಯಿಗಿಡುವ ಮಗುವಿಗೆ ಅದರಿಂದಲೇ ಅಪಾಯ. ಡೀಸೆಲ್ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರವಾದ್ದರಿಂದ ಇನ್ನೂ ಕೆಳಗಿಳಿದು ಬಂಡೆಯ ಬಿರುಕು ಸೇರುತ್ತದೆ. ನಮ್ಮ ಕೆಂಪು ಮಣ್ಣಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ಕೊಳವೆಬಾವಿಗೆ ನೀರು ಬರುವುದೂ ಅದೇ ಬಿರುಕುಗಳಿಂದ. ಅವು ಯಾವ ದಿಕ್ಕಿಗೆ ಹರಡಿವೆಯೋ ಮೇಲಿನಿಂದ ಕಾಣದು. ಹತ್ತಿರದ ಬಾವಿ ಚೆನ್ನಾಗಿದ್ದು, ದೂರದ ತೋಟದ ಕೊಳವೆಬಾವಿ ಕೆಟ್ಟಿರಬಹುದು. ತೆಂಗು, ಅಡಿಕೆಗೆಂದು ಬಿಡುವಿಲ್ಲದೆ ಪಂಪು ಓಡಿಸಿದರಂತೂ ವಿಷವನ್ನು ನಾವೇ ನಮ್ಮತ್ತ ಎಳೆದುಕೊಂಡಂತೆ.

ಇದೇನು ಬರೀ ಹೆದರಿಕೆಯ ಮಾತೆ ಎನ್ನುವವರು ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಗ್ರಾಮವನ್ನು ನೆನೆಯಬೇಕು. ಅಲ್ಲಿ 1988ರಲ್ಲಿ ಆರಂಭವಾದ ಎಚ್-ಆಸಿಡ್ ತಯಾರಿಕೆಯಿಂದ ಸುಮಾರು 2,400 ಟನ್ ವಿಷಗಸಿ ಉಳಿಯಿತು. ಅದು ಮಳೆಯೊಡನೆ ಇಳಿದು ಬಾವಿಗಳ ನೀರು ಬಣ್ಣ ತಿರುಗಿತು. ಶುದ್ಧೀಕರಣದ ಖರ್ಚು ಕಾರ್ಖಾನೆಯವರದೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ತಯಾರಿಕೆ ನಿಂತು ವರ್ಷಗಳೇ ಕಳೆದಿದ್ದವು.

ಚೆಲ್ಲಿದ್ದನ್ನು ನೀರು ಹಾಯಿಸಿ ಚರಂಡಿಗೆ ತೊಳೆದುಬಿಡುವುದೇ ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಬಲ್ಲವರು ಬಂದು ಮರಳಿನ ಒಡ್ಡು ಕಟ್ಟಿ ತಡೆಯಬೇಕು, ನೆನೆದ ಮಣ್ಣನ್ನು ಅಗೆದು ಸಾಗಿಸಬೇಕು. ನೀವು ಮಾತ್ರ ಹತ್ತಿರ ಹೋಗಬೇಡಿ, ಕ್ಯಾನು ಹಿಡಿದು ಓಡುವುದಂತೂ ಬೇಡವೇ ಬೇಡ. ಸಂಶಯವಿರುವ ನೀರನ್ನು ಕುದಿಸಿ ಕುಡಿದರಾಯಿತು ಎನ್ನಬೇಡಿ. ಕುದಿಸಿದರೆ ಸಾಯುವುದು ಕ್ರಿಮಿ. ಸೀಸ, ಕ್ರೋಮಿಯಂಗಳು ನೀರು ಆವಿಯಾದಷ್ಟೂ ಗಟ್ಟಿಯಾಗುತ್ತವೆ.

ಸುತ್ತಲಿನ ಕೊಳವೆಬಾವಿಗಳನ್ನು ಕೂಡಲೇ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಮುಂದಿನ ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷಿಸುವಂತೆ ಪಂಚಾಯಿತಿಯ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಚೆಲ್ಲಿದ ವಸ್ತುವಿನ ಹೆಸರನ್ನು ತಪ್ಪದೆ ನಮೂದಿಸಿ. ಟ್ಯಾಂಕರಿನ ಫಲಕದ ಮೇಲೆ ಅದನ್ನು ಬರೆದಿರಬೇಕೆಂಬುದು ನಿಯಮ. ಹೆಸರು ಹೇಳದಿದ್ದರೆ ಸಾಮಾನ್ಯ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಫ್ಲೋರೈಡ್, ನೈಟ್ರೇಟ್ ತಿಳಿದೀತು, ಟ್ರೈಕ್ಲೋರೋಎಥಿಲೀನ್ ತಿಳಿಯದು.