ಮರಳಿನ ಲೆಕ್ಕ ಉಂಟು, ಮರಳೊಳಗಿನ ಜೀವದ ಲೆಕ್ಕ ಎಲ್ಲುಂಟು?

ಸುವರ್ಣಾ ನದಿಯಿಂದ ಎಷ್ಟು ಲೋಡ್ ಮರಳು ಹೋಯಿತು ಎಂದು ಕೇಳಿದರೆ ಏನೋ ಒಂದು ಉತ್ತರ ಸಿಗುತ್ತದೆ. ಸರ್ಕಾರದ ಲೆಕ್ಕ ಒಂದು, ಊರಿನವರ ಲೆಕ್ಕ ಇನ್ನೊಂದು. ಎರಡೂ ತಾಳೆ ಆಗುವುದಿಲ್ಲ, ಆದರೂ ಲೆಕ್ಕ ಅಂತ ಉಂಟು. ಆ ಮರಳಿನ ಕಣಗಳ ಸಂದಿಯಲ್ಲಿ ಯಾವ ಜೀವಿ ಬದುಕಿತ್ತು ಎಂದು ಕೇಳಿ ನೋಡಿ. ನಿಮ್ಮ ಮುಖವನ್ನೇ ನೋಡುತ್ತಾರೆ.

ನಾನು ಹೇಳಹೊರಟದ್ದು ನೀರು ನುಸಿಯ ವಿಷಯ. ಹೆಸರಿನಲ್ಲೇ ಗಲಾಟೆ ಶುರು, ಮಾರಾಯ್ರೆ. ನಮ್ಮ ಕಡೆ ನುಸಿ ಅಂದರೆ ಬಹಳ ಜನರಿಗೆ ಸೊಳ್ಳೆ, ತುಳುವಿನ ಉಮಿಲ್. ತೋಟಗಾರಿಕೆಯವರು ನುಸಿ ಅಂದರೆ ತೆಂಗಿನಕಾಯಿಗೆ ಬರುವ ಪೀಡೆ. ಇಲ್ಲಿ ಎರಡನೇ ಅರ್ಥವನ್ನೇ ಇಟ್ಟುಕೊಳ್ಳಿ. ಜೇಡ, ಚೇಳು, ದನದ ಮೈಮೇಲಿನ ಉಣುಗು ಇವುಗಳ ಬಳಗ ಅದು. ದೊಡ್ಡದಾದ ಮೇಲೆ ಎಂಟು ಕಾಲು, ಹೆಚ್ಚಿನವು ಅರ್ಧ ಮಿಲಿಮೀಟರಿನಿಂದ ಎರಡು ಮೂರು ಮಿಲಿಮೀಟರ್, ಹಲವು ಕಡುಗೆಂಪು. ಮೊದಲ ಮಳೆಗೆ ನೆಲದ ಮೇಲೆ ಹೊರಡುವ ಕೆಂಪು ಮಖಮಲ್ ಹುಳ, ಹಳೆಯ ಕವಿಗಳ ಇಂದ್ರಗೋಪ, ಇದರ ಹತ್ತಿರದ ದಾಯಾದಿ. ನೀರು ನುಸಿ ಮನುಷ್ಯರ ರಕ್ತ ಹೀರುವುದಿಲ್ಲ, ಬೆಳೆ ತಿನ್ನುವುದಿಲ್ಲ. ಅದೇ ಅದರ ದುರದೃಷ್ಟ.

ಯಾಕೆ ಅಂದರೆ, ನಮಗೆ ನಷ್ಟ ಮಾಡಿದ ನುಸಿಗೆ ಸಿಕ್ಕ ಮರ್ಯಾದೆ ನೋಡಿ. 1998ರಲ್ಲಿ ಕೇರಳದಲ್ಲಿ ತೆಂಗಿನ ನುಸಿ ಕಾಣಿಸಿತು. ಸ್ವಲ್ಪ ಸಮಯದಲ್ಲೇ ನಮ್ಮ ತೋಟಗಳಿಗೂ ಬಂತು. ಸಭೆ, ಕರಪತ್ರ, ಬೇವಿನೆಣ್ಣೆ, ಬೇರಿಗೆ ಔಷಧ, ಎಲ್ಲ ಆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಯ ನುಸಿಗಳ ಅಧ್ಯಯನ ಹಳೆಯದು. ಅಲ್ಲಿನ ಜಿ.ಪಿ. ಚನ್ನಬಸವಣ್ಣನವರು 1966ರಲ್ಲೇ, ತೆಂಗಿನ ನುಸಿ ಸೇರುವ ಗುಂಪಿನ ಭಾರತೀಯ ನುಸಿಗಳ ಬಗ್ಗೆ ಪುಸ್ತಕ ತಂದಿದ್ದರು. ಅದು ಬೇಕಾದ ಕೆಲಸವೇ, ನನ್ನ ತಕರಾರಿಲ್ಲ. ಕಾಯಿಗೆ ಬೆಲೆ ಉಂಟು, ಹಾಗಾಗಿ ಅದರ ನುಸಿಗೂ ಬೆಲೆ. ತೋಡಿನ ನುಸಿಗೆ ಯಾರು ಕೊಡುತ್ತಾರೆ?

ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ನೀರು ನುಸಿಗಳ ಜಾತಿಗಳು 6,000ಕ್ಕೂ ಹೆಚ್ಚು. ಲಿನೇಯಸ್ 1758ರಲ್ಲಿ ಒಂದಕ್ಕೆ ಹೆಸರಿಟ್ಟ. ಡೆನ್ಮಾರ್ಕಿನ ಓ.ಎಫ್. ಮುಲ್ಲರ್ 1781ರಲ್ಲಿ ತನ್ನ ದೇಶದ ಕೆರೆ ಕುಂಟೆಗಳ ನುಸಿಗಳ ಮೇಲೆಯೇ ಒಂದು ಪುಸ್ತಕ ಬರೆದ. ವರ್ಗೀಕರಣ ಸುಲಭದ ಕೆಲಸ ಅಲ್ಲ. ಮರಿಗೆ ಆರೇ ಕಾಲು, ತಾಯಿಯ ಹಾಗೆ ಕಾಣುವುದೇ ಇಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಪಂಡಿತರೊಬ್ಬರು ನೀರು ಜೀರುಂಡೆಗೆ ಅಂಟಿಕೊಂಡಿದ್ದ ಮರಿಯನ್ನು ಬೇರೆಯೇ ಪ್ರಾಣಿ ಅಂತ ತಿಳಿದು ಅದಕ್ಕೊಂದು ಹೊಸ ಹೆಸರು ಕೊಟ್ಟಿದ್ದರು. ಬಾಯಿಯ ಪಕ್ಕದ ಅಂಗ, ಕಾಲಿನ ಉಗುರು, ಹೊಟ್ಟೆಯ ಅಡಿಯ ತಟ್ಟೆ ಇವನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಜಾತಿ ಹೇಳಬೇಕು. ಸ್ಪಿರಿಟ್‌ನಲ್ಲಿ ಹಾಕಿಟ್ಟರೆ ಮೈ ಗಟ್ಟಿಯಾಗಿ ಬಿಡಿಸಲು ಬರುವುದಿಲ್ಲ. ಅದಕ್ಕೆ ತಿಳಿದವರು ಗ್ಲಿಸರಿನ್, ಅಸಿಟಿಕ್ ಆಮ್ಲ, ನೀರು ಸೇರಿಸಿದ ದ್ರಾವಣ ಬಳಸುತ್ತಾರೆ.

ನಮ್ಮ ದೇಶದ ನೀರು ನುಸಿಗಳ ಬಗ್ಗೆ 1928ರಲ್ಲಿ ವಾಲ್ಟರ್ ಎಂಬವರು ಬರೆದರು. 1967ರಲ್ಲಿ ಅಮೆರಿಕದ ಡೇವಿಡ್ ಕುಕ್ ಭಾರತದ ನೀರು ನುಸಿಗಳ ಮೇಲೆ 400 ಪುಟ ದಾಟಿದ ಪುಸ್ತಕವನ್ನೇ ತಂದರು. ಆಮೇಲೂ ಕೆಲವರು ಕೆಲಸ ಮಾಡಿದ್ದಾರೆ, ಆದರೆ ಬೆರಳೆಣಿಕೆಯಷ್ಟು. ಹೊರಗಿನವರು ಬಂದು ನಮ್ಮ ಹೊಳೆ ಸೋಸಿ ಹೆಸರಿಟ್ಟು ಹೋಗಬೇಕು, ನಾವು ದಡದಲ್ಲಿ ನಿಂತು ಸೆಲ್ಫಿ ತೆಗೆಯಬೇಕು. ಜಿಲ್ಲೆಯಲ್ಲಿ ಕಾಲೇಜಿಗೆ ಬರ ಉಂಟಾ?

ನೀರು ನುಸಿ ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಉಂಟು. ಕೆರೆ, ಮದಗ, ಝರಿ, ಬಿಸಿನೀರಿನ ಬುಗ್ಗೆ, ಹೊಳೆಯ ತಳದ ಜಲ್ಲಿ ಮರಳಿನ ಒಳಗೂ. ಇದಕ್ಕೆ ರೆಕ್ಕೆ ಇಲ್ಲ, ಆದರೂ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಹೇಗೆ? ಮರಿ ಏರೋಪ್ಲೇನ್ ಚಿಟ್ಟೆಗೋ ಸೊಳ್ಳೆಗೋ ಅಂಟಿಕೊಂಡು ಅದರ ರಸ ಹೀರುತ್ತಾ ಹಾರುತ್ತದೆ. ನುಸಿಯ ಮೇಲೆ ನುಸಿ ಸವಾರಿ ಅಂತ ನಮ್ಮವರು ನಗಬಹುದು. ಚಿಟ್ಟೆ ಮತ್ತೆ ನೀರಿನ ಹತ್ತಿರ ಬಂದಾಗ ಇಳಿದು, ಬೆಳೆದು, ಬೇಟೆಗಾರ ಆಗುತ್ತದೆ. ಸೊಳ್ಳೆ ಮರಿ, ಕೀಟಗಳ ಮೊಟ್ಟೆ ಅದರ ಆಹಾರ. ಕೆಲವು ಜಾತಿಗಳು ಸಿಹಿನೀರಿನ ಚಿಪ್ಪುಗಳ ಒಳಗೇ ವಾಸ ಮಾಡುತ್ತವೆ. ಅಂದರೆ ಒಂದು ನುಸಿ ಬದುಕಲು ಮೈಮೇಲೆ ಕೂರಿಸಿಕೊಳ್ಳುವ ಕೀಟ ಬೇಕು, ತಿನ್ನಲು ಬೇಟೆ ಬೇಕು, ಮೊಟ್ಟೆ ಇಡಲು ಸರಿಯಾದ ತಳ ಬೇಕು. ಒಂದು ಕೊಂಡಿ ಕಳಚಿದರೂ ಅದು ಇಲ್ಲ. ನೀರಿನ ಆರೋಗ್ಯ ಹೇಳಲು ಇದಕ್ಕಿಂತ ಚುರುಕಾದ ಸಾಕ್ಷಿ ಕಡಿಮೆ.

ಈಗ ನಕ್ಷೆ ತೆಗೆಯಿರಿ. ಯುರೋಪಿನಲ್ಲಿ ಚುಕ್ಕೆಗಳ ರಾಶಿ, ನಮ್ಮ ಕಡೆ ಖಾಲಿ. ಖಾಲಿ ಅಂದರೆ ನುಸಿ ಇಲ್ಲ ಅಂತ ಓದಬೇಡಿ. ಹುಡುಕಿದವರು ಇಲ್ಲ. ಅಪಾಯ ಇರುವುದು ಇಲ್ಲಿಯೇ. ನಾಳೆ ತೋಡಿಗೆ ಎರಡೂ ಬದಿ ಕಾಂಕ್ರೀಟ್ ಗೋಡೆ ಕಟ್ಟಿ ತಳಕ್ಕೂ ಸಿಮೆಂಟ್ ಬಳಿದರೆ, ಕಿಂಡಿ ಅಣೆಕಟ್ಟಿಗೆ ಹೊಳೆ ಅಗೆದರೆ, ವರದಿಯಲ್ಲಿ ಒಂದು ಸಾಲು ಬರೆದು ಮುಗಿಸಬಹುದು: ಇಲ್ಲಿ ಅಪರೂಪದ ಜೀವಿ ಕಂಡುಬಂದಿಲ್ಲ. ನೋಡದವನಿಗೆ ಏನು ಕಾಣುತ್ತದೆ? ಪಟ್ಟಿಯೇ ಇಲ್ಲದಿದ್ದರೆ ಕಳೆದುಕೊಂಡದ್ದನ್ನು ಯಾವ ಕೋರ್ಟಿನಲ್ಲಿ ತೋರಿಸುವುದು?

ಇದನ್ನು ಸುದ್ದಿ ಮಾಡಲು ಹೋದರೆ ಡೆಸ್ಕಿನವರು ಕೇಳುತ್ತಾರೆ, ಇದರಲ್ಲಿ ಸುದ್ದಿ ಎಂತದು ಅಂತ. ಸಂತೆಕಟ್ಟೆ ಅಂಡರ್‌ಪಾಸ್ ಬಗ್ಗೆ ಎಷ್ಟು ಸಲ ಕಳಿಸಿದೆನೋ ನೆನಪಿಲ್ಲ, ಅದು ಅಚ್ಚಾಗುತ್ತದೆ. ಅದೇ ಕಾಮಗಾರಿಗಳ ಮಣ್ಣು ಮಳೆಗೆ ಕೊಚ್ಚಿ ಯಾವ ತೋಡು ಸೇರುತ್ತದೆ ಎಂಬುದು ಮಾತ್ರ ಸುದ್ದಿ ಅಲ್ಲ.

ಇನ್ನು ಕೆಲವರು, ನೀರಿಗೆ ಪರೀಕ್ಷೆ ಉಂಟಲ್ಲ ಅನ್ನುತ್ತಾರೆ. ಉಂಟು. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಊರಿನ ಹೆಂಗಸರಿಗೂ ಕಿಟ್ ಕೊಟ್ಟು ಕ್ಲೋರಿನ್, ಕಬ್ಬಿಣ, ನೈಟ್ರೇಟ್ ನೋಡಲು ಕಲಿಸಿದರು. ಒಳ್ಳೆಯದೇ. ಬಾವಿಯ ನೀರನ್ನು ಕುದಿಸಿಯೇ ಕುಡಿಯಿರಿ, ಕ್ಲೋರಿನ್ ಹಾಕಬೇಕಾದರೆ ಹಾಕಿ. ಕುಡಿಯುವ ಬಾವಿಗೆ ನುಸಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಿಟ್ ಹೇಳುವುದು ನೀರು ತೆಗೆದ ಆ ಹೊತ್ತಿನ ಸ್ಥಿತಿ. ಕಳೆದ ವಾರ ರಾತ್ರಿ ಯಾರೋ ಟ್ಯಾಂಕರ್ ತಂದು ಹೊಳೆಗೆ ಸುರಿದು ಹೋದದ್ದನ್ನು ಹೇಳಲು ಅಲ್ಲೇ ವಾಸ ಇರುವ ಜೀವಿ ಬೇಕು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತು, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ಎಂದಿತು. ಗಡುವಿಗೆ ಹೆದರಿ ಬರೆದ ಪುಸ್ತಕ ಹೇಗಿರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹಾಗಾಗಿ ಮುಂದಿನ ಗ್ರಾಮಸಭೆಗೆ ಹೋಗುವಾಗ ಎರಡು ಪ್ರಶ್ನೆ ಹಿಡಿದುಕೊಂಡು ಹೋಗಿ. ನಮ್ಮ ಊರಿನ ದಾಖಲಾತಿ ಎಲ್ಲಿದೆ? ಅದರಲ್ಲಿ ತೋಡು ಮದಗಗಳ ಸಣ್ಣ ಜೀವಿಗಳಿಗೆ ಎಷ್ಟು ಪುಟ? ಅದಕ್ಕೂ ಮೊದಲು ಒಂದು ಭಾನುವಾರ ಹಳೆಯ ಸೊಳ್ಳೆ ಪರದೆಯ ತುಂಡು, ಬಿಳಿ ಬಟ್ಟಲು ತೆಗೆದುಕೊಂಡು ಮಕ್ಕಳ ಜೊತೆ ಗದ್ದೆ ಬದಿಗೆ ಇಳಿಯಿರಿ. ನೀರಿನ ಗಿಡದ ಬುಡದಲ್ಲಿ ಸೋಸಿ ಬಟ್ಟಲಿಗೆ ಹಾಕಿ, ಎರಡು ನಿಮಿಷ ಕಾಯಿರಿ. ಕೆಂಪು ಚುಕ್ಕೆ ಓಡಾಡಿದರೆ ಅದೇ. ಏರೋಪ್ಲೇನ್ ಚಿಟ್ಟೆಯ ಎದೆ ಹೊಟ್ಟೆಯ ಅಡಿಯಲ್ಲಿ ಕೆಂಪು ಮಣಿ ಪೋಣಿಸಿದ ಹಾಗೆ ಕಂಡರೆ ಅದು ಮರಿ. ಫೋಟೋ ತೆಗೆದು ದಿನಾಂಕ, ಜಾಗ ಬರೆದಿಡಿ, ನುಸಿಯನ್ನು ನೀರಿಗೇ ಬಿಡಿ. ಆ ಫೋಟೋದ ಪ್ರತಿಯನ್ನು ಅರ್ಜಿಯ ಜೊತೆ ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.